ಬೆನ್ನಿಗೆ ಮಣ್ಣು ಹತ್ತದ ಹೊಡೆದಾಟ

ನಾವು ಮಾಡಿದ ಸಿನೆಮಾದಲ್ಲಿ ಇಬ್ಬರು ಬೀಳುತ್ತಿದ್ದರು. ಮೊದಲು ನಾಯಕ ಬೀಳುತ್ತಿದ್ದ, ಆಮೇಲೆ ಎದ್ದು ಬಂದು ಖಳನಾಯಕನನ್ನು ಕೆಡವುತ್ತಿದ್ದ. ಹೊಡೆದಾಟದ ಚಿತ್ರವೆಂದರೆ ಇಷ್ಟೇ ಎಂದು ವಿಜಾಪುರದ ಟಾಕೀಜುಗಳಲ್ಲಿ ಕಾಲೇಜಿನ ವರ್ಷಗಳನ್ನೆಲ್ಲ ಕಳೆದು ಕಲಿತಿದ್ದೆವು. ನಮ್ಮ ತಾಲ್ಲೂಕುಗಳಲ್ಲಿ ಇದು ನಡೆಯುವುದಿಲ್ಲ ಎಂಬುದನ್ನು ಮಾತ್ರ ಯಾರೂ ಹೇಳಿಕೊಟ್ಟಿರಲಿಲ್ಲ.

ಎಪ್ಪತ್ತರ ದಶಕದ ನಡುವಿನ ಒಂದು ಬೇಸಿಗೆ. ಬಿ.ಎಸ್ಸಿ. ಮುಗಿಸಿ ಬಸವನ ಬಾಗೇವಾಡಿಯ ನಮ್ಮ ಮನೆಯಲ್ಲಿ ನೌಕರಿಯ ಆದೇಶಕ್ಕೆ ಕಾಯುತ್ತಿದ್ದೆ. ಕಾಯುವವನಿಗೆ ಬೇರೆ ಕೆಲಸವಿಲ್ಲ. ಯಾವ ಬಸ್ಸು ಎಷ್ಟು ತಡವಾಗಿ ಬಂತು, ಓಣಿಯಲ್ಲಿ ಕರೆಂಟು ಎಷ್ಟು ಸಲ ಹೋಯಿತು, ಎಂಥೆಂಥವನ್ನೋ ದಿನಚರಿಯಲ್ಲಿ ಗೆರೆ ಎಳೆದು ಬರೆಯುತ್ತಿದ್ದೆ. ಈ ಚಟ ನೋಡಿಯೇ ಸಿಂದಗಿಯ ಗೆಳೆಯ ನನ್ನನ್ನು ತನ್ನ ಸಿನೆಮಾದ ಸಂಕಲನಕಾರನನ್ನಾಗಿ ಮಾಡಿದ. ಎಣಿಸಲು ಬಲ್ಲವನು ಕತ್ತರಿಸಲೂ ಬಲ್ಲ ಎಂಬುದು ಅವನ ತರ್ಕ.

ಅವನ ಮನೆಯವರು ದೊಡ್ಡ ಹೊಲದವರು. ಇಂಡಿಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಅವನ ಸೋದರಮಾವ ಮುಂಬೈಯಿಂದ ಒಂದು ಸಣ್ಣ ಚಲನಚಿತ್ರದ ಕ್ಯಾಮೆರಾ ತಂದುಕೊಟ್ಟಿದ್ದರು. ಕೀಲಿ ತಿರುವಿ ಗುಂಡಿ ಒತ್ತಿದರೆ ಕರಕರ ಎನ್ನುತ್ತ ಚಿತ್ರ ಹಿಡಿಯುತ್ತಿತ್ತು, ಶಬ್ದ ಹಿಡಿಯುತ್ತಿರಲಿಲ್ಲ. ನಾಯಕನೂ ನಿರ್ದೇಶಕನೂ ಕ್ಯಾಮೆರಾದ ಒಡೆಯನೂ ಸಿಂದಗಿಯವನೇ. ಖಳನಾಯಕನಿಗೆ ಮೀಸೆ ಬೇಕಿತ್ತು. ನಮ್ಮ ಹಾಸ್ಟೆಲಿನ ಕೋಣೆಯ ಮೂರನೆಯವನಾದ ಮುದ್ದೇಬಿಹಾಳದ ವಕೀಲರ ಮಗನಿಗೆ ಅದು ಇತ್ತು.

ಇಂಗಳೇಶ್ವರದ ಹತ್ತಿರ ನಮ್ಮ ಸಂಬಂಧಿಕರ ಹೊಲದಲ್ಲಿ, ಜೋಳದ ರಾಶಿ ಮುಗಿದ ಮೇಲೆ, ಎರಡು ದಿನ ಹೊಡೆದಾಡಿದರು. ನಾನು ಕ್ಯಾಮೆರಾ ಹಿಡಿದೆ. ಬಣವೆಯ ಪಕ್ಕ ನಾಯಕ ಅಂಗಾತ ಬಿದ್ದ, ಕಣದ ನಡುವೆ ಖಳನಾಯಕ ಅಂಗಾತ ಬಿದ್ದ. ನಡುವೆ ನಾಯಕ ಪಂಚೆಯನ್ನು ಬಿಗಿದು ಕಟ್ಟಿಕೊಳ್ಳುವಾಗ ನನ್ನ ಬೆರಳು ಗುಂಡಿಯ ಮೇಲೆಯೇ ಉಳಿದು, ಬಣವೆಯಿಂದ ಏಳುವ ಕಾಗೆಗಳ ಹಿಂಡು, ತಲೆ ಎತ್ತಿ ನೋಡುವ ಒಂದು ಎತ್ತು, ಬರೀ ಧೂಳು, ಇಷ್ಟೆಲ್ಲ ದಾಖಲಾದವು. ದಿನಚರಿಯಲ್ಲಿ ಅವನ್ನು ‘ನಷ್ಟ’ ಎಂಬ ಕಾಲಮಿನಲ್ಲಿ ಬರೆದೆ.

ಸುರುಳಿಗಳನ್ನು ತೊಳೆಯಲು ಮುಂಬೈಗೆ ಅಂಚೆಯಲ್ಲಿ ಕಳಿಸಿದೆವು. ಅವು ಬರುವುದರೊಳಗೆ ಇಲ್ಲಿ ಬೇರೊಂದು ಕಥೆ ಶುರುವಾಗಿತ್ತು. ಶೂಟಿಂಗಿಗೆ ಮೊದಲು ನಾಯಕ ಒಮ್ಮೆ ಖಳನಾಯಕನ ಮನೆಗೆ ಊಟಕ್ಕೆ ಹೋಗಿದ್ದ. ಅಂದು ಬಡಿಸಿದವಳು ಖಳನಾಯಕನ ತಂಗಿ. ಅವಳೊಂದಿಗೆ ಎರಡು ಮಾತು ಆಡಿದ್ದನಂತೆ, ಎರಡೂ ಚಟ್ನಿಪುಡಿಯ ವಿಷಯ. ಶೂಟಿಂಗು ಮುಗಿದದ್ದೇ ಅವನು ಸಿನೆಮಾದ ಮಾತನ್ನು ಕಡಿಮೆ ಮಾಡಿದ. ಮನೆಯಲ್ಲಿ ಹೇಗೋ ವಿಷಯ ಎತ್ತಿಸಿದ. ಎರಡೂ ಕಡೆ ಹೊಲ, ಮನೆತನ, ನಡವಳಿಕೆ ಎಲ್ಲ ಸರಿಹೊಂದಿದವು. ಸಕ್ಕರೆ ಹಂಚಿ ಗಟ್ಟಿ ಮಾಡುವುದೊಂದೇ ಉಳಿದಿತ್ತು.

‘ದೋಸ್ತ, ಈ ಸಂಬಂಧ ಒಂದ್ ತಪ್ಪಿತಂದ್ರ ನಾ ಮತ್ತ ಯಾವ ಮನಿ ಕಟ್ಟಿನೂ ಹತ್ತಂಗಿಲ್ಲ ನೋಡು’ ಎಂದು ನನ್ನೆದುರು ಹೇಳಿದ. ಹೇಳುವಾಗ ನಗಲಿಲ್ಲ. ಅವನು ಮಾತಿಗೆ ತಪ್ಪುವವನಲ್ಲ, ಅದು ನನಗೆ ಗೊತ್ತಿತ್ತು.

ತೊಳೆದ ಸುರುಳಿಗಳು ಬಂದವು. ಇಂಡಿಯ ಮಾವ ಸೊಲ್ಲಾಪುರದ ಒಂದು ಫೋಟೋ ಸ್ಟುಡಿಯೋದಿಂದ ಪ್ರೊಜೆಕ್ಟರನ್ನೂ ತುಣುಕು ಕೂಡಿಸುವ ಪುಟ್ಟ ಯಂತ್ರವನ್ನೂ ತರಿಸಿದರು. ಈ ಫಿಲ್ಮಿಗೆ ಪ್ರತಿಯಿಲ್ಲ. ಕ್ಯಾಮೆರಾದೊಳಗೆ ಹೋದದ್ದೇ ತೊಳೆದು ಬರುತ್ತದೆ, ಅದನ್ನೇ ಕತ್ತರಿಸಬೇಕು, ಅದನ್ನೇ ತೋರಿಸಬೇಕು. ಮೇಲಾಗಿ ಪ್ರತಿ ಅಂಟಿಗೆ ಸುರುಳಿಯ ಮೇಲಿನ ಒಂದು ಬಿಡಿ ಚಿತ್ರವನ್ನು ಕೆರೆದು ಬಿಡಬೇಕು, ಇಲ್ಲದಿದ್ದರೆ ಅಂಟು ಹಿಡಿಯುವುದಿಲ್ಲ. ಮತ್ತೆ ಬಿಚ್ಚಿ ಕೂಡಿಸಿದರೆ ಮತ್ತೊಂದು ಚಿತ್ರ ಹೋಗುತ್ತದೆ. ಮನಸ್ಸು ಬದಲಿಸಿದಷ್ಟೂ ಸಿನೆಮಾ ಸಣ್ಣದಾಗುವ ವ್ಯವಸ್ಥೆ ಇದು.

ಮೊದಲ ಸಲ ನಾನು ಬಹಳ ಪ್ರಾಮಾಣಿಕವಾಗಿ ಕೂಡಿಸಿದೆ. ಕೈ ಎತ್ತಿದ್ದರಿಂದ ಹಿಡಿದು ಕೈ ಕೆಳಗಿಳಿಯುವ ತನಕ ಒಂದು ಚಿತ್ರವನ್ನೂ ಬಿಡಲಿಲ್ಲ. ಇಂಡಿಯಲ್ಲಿ ಮಾವನ ಅಂಗಡಿಯ ಹಿಂದಿನ ಗೋದಾಮಿನಲ್ಲಿ, ಹಾಡುಹಗಲು ಕದ ಮುಚ್ಚಿ, ಗೋಡೆಗೆ ಹೊಸ ಧೋತರ ಇಳಿಬಿಟ್ಟು ತೋರಿಸಿದೆವು. ಮಾವ ಮತ್ತು ಅಂಗಡಿಯವರು ಸೆಖೆಯಲ್ಲಿ ಬಟ್ಟೆಗಂಟುಗಳ ಮೇಲೆ ಕುಳಿತು ನೋಡಿದರು. ಕೈ ಹೋಗುತ್ತಿತ್ತು, ಗಲ್ಲದ ಹತ್ತಿರ ಸಭ್ಯವಾಗಿ ನಿಲ್ಲುತ್ತಿತ್ತು, ಸ್ವಲ್ಪ ಹೊತ್ತಿನ ಮೇಲೆ ಮುಖ ನೆನಪು ಮಾಡಿಕೊಂಡು ತಿರುಗುತ್ತಿತ್ತು. ಸದ್ದಿಲ್ಲ. ಅರ್ಧಕ್ಕೆ ಬಂದಾಗ ಮಾವ ಕೇಳಿದರು:

‘ಅಲ್ಲೊ ತಮ್ಮಾ, ಇಬ್ರೂ ಏನ್ ಅಂಗಿ ಅಳತಿ ತಗೋಳಾಕತ್ತೀರಿ?’

ನಾಯಕನ ಮುಖ ಸಣ್ಣದಾಯಿತು. ಆದರೆ ಆಗಲೇ ಒಂದು ಸೋಜಿಗ ನಡೆಯಿತು. ಗೋದಾಮಿಗೆ ಹತ್ತಿಕೊಂಡೇ ಅಡುಗೆಮನೆ. ಅಲ್ಲಿ ಮಾವನ ಹೆಂಡತಿ, ನಾಯಕನ ಅತ್ತೆ, ಜೋಳದ ಹಿಟ್ಟು ನಾದಿ ರೊಟ್ಟಿ ಬಡಿಯಲು ಕುಳಿತರು. ಕಟ್ಟಿಗೆಯ ಹಲಗೆಯ ಮೇಲೆ ಅವರ ಮೊದಲ ಅಂಗೈ ಪೆಟ್ಟು ಬಿದ್ದ ಹೊತ್ತಿಗೆ ಸರಿಯಾಗಿ ಪರದೆಯ ಮೇಲೆ ಖಳನಾಯಕನ ಕೈ ಬೀಸಿತು. ಮಾವ ತಲೆ ಹಿಂದಕ್ಕೆಳೆದುಕೊಂಡರು. ಅಂಗಡಿಯವನೊಬ್ಬ ತನ್ನ ಗಲ್ಲ ಮುಟ್ಟಿಕೊಂಡ. ಮುಂದಿನ ಪೆಟ್ಟು ಯಾರೂ ಹೊಡೆಯದಿದ್ದಾಗ ಬಿತ್ತು. ಆಗ ಮತ್ತೆ ನಕ್ಕರು.

ಅಂದೇ ಅತ್ತೆಯವರನ್ನು ನಮ್ಮ ಶಬ್ದ ವಿಭಾಗಕ್ಕೆ ಸೇರಿಸಿಕೊಂಡೆವು. ಮದುವೆಯ ಮಾತುಕತೆಗೆ ಅವರು ಹೇಗೂ ಎಲ್ಲ ಊರಿಗೆ ಬರುವವರಿದ್ದರು. ಹಲಗೆ, ನಾದಿದ ಹಿಟ್ಟಿನ ಉಂಡೆ, ಓಟಕ್ಕೆ ಒಂದು ಜೊತೆ ಹಳೆಯ ಚಪ್ಪಲಿ ಇಟ್ಟುಕೊಂಡು ಧೋತರದ ಹಿಂದೆ ಕೂಡುವುದು. ತೆಳು ಬಟ್ಟೆಯಾದ್ದರಿಂದ ಚಿತ್ರ ಹಿಂದಿನಿಂದಲೂ ಕಾಣುತ್ತಿತ್ತು, ಎಡಬಲ ಅದಲುಬದಲಾಗಿ. ಆದರೆ ಅಭ್ಯಾಸ ಮಾಡಿದಾಗ ಅವರ ಪೆಟ್ಟು ಪ್ರತಿ ಸಲವೂ ತಡವಾಗಿ ಬೀಳುತ್ತಿತ್ತು. ಕೈ ಗಲ್ಲದ ಹತ್ತಿರ ಬಂದದ್ದನ್ನು ಕಂಡ ಮೇಲೆ ಅವರು ಹೊಡೆಯುತ್ತಿದ್ದರು. ಅಷ್ಟರಲ್ಲಿ ಮುಖ ತಿರುಗಿ ಮುಗಿದಿರುತ್ತಿತ್ತು. ಅವರ ಕೈಯನ್ನು ಬೇಗ ಮಾಡಲಾಗಲಿಲ್ಲ, ಆದ್ದರಿಂದ ಚಿತ್ರವನ್ನು ಬೇಗ ಮಾಡಿದೆ. ಬೀಸಿದ ಕೈ ಗಲ್ಲಕ್ಕೆ ತಲುಪುವ ಮೊದಲೇ ಕತ್ತರಿಸಿ, ತಿರುಗಿದ ಮುಖಕ್ಕೆ ಅಂಟಿಸಿದೆ. ಕೈ ಎದ್ದದ್ದು ನೋಡಿಯೇ ಅವರು ಹಿಟ್ಟಿಗೆ ಹೊಡೆಯಬೇಕು ಎಂದು ಗೊತ್ತು ಮಾಡಿದೆ. ಮಧ್ಯದ ಆರೇಳು ಚಿತ್ರ ಹೋದವು, ಪೆಟ್ಟು ಬಂತು. ಕೈ ಗಲ್ಲದ ತನಕ ಬಂದದ್ದನ್ನು ತೋರಿಸಿದಾಗ ನಕ್ಕವರು, ಬಾರದೆ ಇದ್ದದ್ದನ್ನು ತೋರಿಸಿದಾಗ ಹಲ್ಲು ಕಚ್ಚಿದರು. ಇದರ ಅರ್ಥವೇನೆಂದು ದಿನಚರಿಯಲ್ಲಿ ಅರ್ಧ ಪುಟ ಖಾಲಿ ಬಿಟ್ಟೆ, ಆಮೇಲೆ ಬರೆಯೋಣ ಎಂದು.

ಎರಡನೆಯ ಪ್ರದರ್ಶನ ಸಿಂದಗಿಯಲ್ಲಿ, ನಾಯಕನ ತಂದೆಯ ಮುಂದೆ. ಮಗ ಸಿನೆಮಾ ಮಾಡಿದ್ದು ಅವರಿಗೆ ಹಿತವಾಗಿರಲಿಲ್ಲ, ಬೀಗರಾಗುವವರ ಮಗನೂ ಅದರಲ್ಲಿದ್ದಾನೆಂದು ಕೇಳಿ ತಾವೇ ನೋಡುತ್ತೇನೆಂದರು. ಅವರು ಸುತ್ತಿನ ಕುಸ್ತಿಗಳಿಗೆಲ್ಲ ಪಂಚರಾಗಿ ಕೂಡುವ ಹಿರಿಯರು. ಮಣ್ಣಿನ ಅಖಾಡದಲ್ಲಿ ಬೆನ್ನು ನೆಲಕ್ಕೆ ಹತ್ತಿತೋ ಇಲ್ಲವೋ ಎಂದು ಬಾಗಿ ನೋಡಿ ತೀರ್ಪು ಹೇಳುವ ಕಣ್ಣು ಅವರದು. ಅದೇ ಕಣ್ಣಿನಿಂದ ನಮ್ಮ ಸಿನೆಮಾ ನೋಡಿದರು. ಮಗನಿಗೆ ಪೆಟ್ಟಿನ ಮೇಲೆ ಪೆಟ್ಟು ಬಿದ್ದರೂ ಎಲೆ ಅಡಿಕೆ ಮೆಲ್ಲುತ್ತ ಕುಳಿತಿದ್ದರು. ಬಣವೆಯ ಪಕ್ಕ ಅವನ ಬೆನ್ನು ನೆಲಕ್ಕೆ ಹತ್ತಿದ ಕ್ಷಣ ಎದ್ದು ನಿಂತರು. ಅವರ ತಲೆಯ ನೆರಳು ಧೋತರವನ್ನೆಲ್ಲ ಮುಚ್ಚಿತು.

‘ಚಿತ್ ಆದಿ. ಮುಗೀತು, ದೀಪ ಹಚ್ಚರಿ.’

ಮುಂದೆ ತಾನೇ ಗೆಲ್ಲುತ್ತೇನೆ, ಇದು ಕಥೆ, ಮೊದಲು ಬಿದ್ದರೇ ಆಮೇಲೆ ಗೆದ್ದದ್ದಕ್ಕೆ ಬೆಲೆ ಎಂದು ಮಗ ತಿಳಿಸಿ ಹೇಳಿದ. ತಂದೆ ಪೂರ್ತಿ ಕೇಳಿಸಿಕೊಂಡರು.

‘ಬೆನ್ನಿಗಿ ಮಣ್ಣ ಹತ್ತಿದಂವ ಎದ್ದು ಮತ್ತ ಆಡ್ತಾನ? ಯಾವ ಅಖಾಡದಾಗ ಐತಪಾ ಇದು? ಅದೂ ಹೆಣ್ಣಿನವರ ಹುಡುಗನ ಕೈಲೆ. ನಾಳಿ ಆ ಮನಿ ಬಾಗಲಾಗ ದಿಬ್ಬಣ ತಗೊಂಡು ಹೆಂಗ ನಿಂದರ್ಲಿ?’

ಆ ಭಾಗ ಹೋಗಬೇಕು, ಇಲ್ಲವಾದರೆ ಸಂಬಂಧವೇ ಬೇಡ ಎಂದರು. ತಿದ್ದುತ್ತೇನೆ ಎಂದು ನಾನು ಹೇಳಿದ್ದು ಸಾಲಲಿಲ್ಲ. ಸುರುಳಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಇರುವೆಯಷ್ಟು ಕಾಣುವ ಮಗನನ್ನು ನನ್ನಿಂದ ಗುರುತು ಮಾಡಿಸಿಕೊಂಡು, ಎಲೆಯ ಸಂಚಿಯಿಂದ ಅಡಕೊತ್ತು ತೆಗೆದು, ಆಚೆಗೊಂದು ಈಚೆಗೊಂದು ಕಟ್ ಎನಿಸಿದರು. ತುಂಡನ್ನು ಬಚ್ಚಲ ಒಲೆಗೆ ಹಾಕಿಸಿದರು. ನಾಡಿನಲ್ಲಿ ಸೆನ್ಸಾರ್ ಮಂಡಳಿ ಬೇರೆಲ್ಲೋ ಇದೆ ಎಂದು ಓದಿದ್ದೆ. ಅದಕ್ಕೆ ಸಿಂದಗಿಯಲ್ಲೊಂದು ಶಾಖೆ ಇದ್ದದ್ದು ಅಂದು ತಿಳಿಯಿತು. ಅವರ ಕತ್ತರಿ ನನ್ನದಕ್ಕಿಂತ ನೇರವಾಗಿತ್ತು ಎಂದೂ ಹೇಳಬೇಕು.

ಮೂರನೆಯದು ಮುದ್ದೇಬಿಹಾಳ. ಅಲ್ಲಿಯ ತಂದೆ ವಕೀಲರು, ಹಾಗಾಗಿ ಯಾವುದಕ್ಕೂ ಎದ್ದು ನಿಲ್ಲುವವರಲ್ಲ. ಕೊನೆಯವರೆಗೂ, ಮಗ ಕಣದಲ್ಲಿ ಅಂಗಾತ ಬಿದ್ದು ದೀಪ ಹಚ್ಚುವ ತನಕ, ಕುಳಿತೇ ನೋಡಿದರು. ಅತ್ತೆಯವರ ಪೆಟ್ಟುಗಳನ್ನು ಹೊಗಳಿದರು. ಒಂದು ಪೆಟ್ಟಿಗೆ ತಮಗೇ ದವಡೆ ನೊಂದಂತಾಯಿತು ಎಂದರು. ಆಮೇಲೆ ಚಹಾ ತರಿಸಿ, ಅದನ್ನು ಕುಡಿದು ಮುಗಿಸುವ ತನಕ ಕಾಯ್ದರು.

‘ನನ್ನ ಮಗ ಬೀಳೂದಕ್ಕ ನನ್ನ ತಕರಾರ ಇಲ್ರಿ. ಅಂವ ಒಬ್ಬನಽ ಬೀಳೂದಕ್ಕ ತಕರಾರ ಐತಿ. ನಮ್ಮ ಅಳಿಯಾ ಆಗಾವ್ರೂ ಒಮ್ಮಿ ಬಿದ್ದಾರಂತ ಮಗ ಹೇಳ್ಯಾನ. ಅದು ಎಲ್ಲಿ ಹೋತು?’

ಅದು ಸಿಂದಗಿಯ ಬಚ್ಚಲ ಒಲೆಗೆ ಹೋಗಿತ್ತು. ಹಾಗೆಂದು ಹೇಳಿದರೆ ಸಿಂದಗಿಯವರಿಗೆ ಇವರ ಮಗನ ಕೈಯಲ್ಲಿ ಬಿದ್ದದ್ದು ಅಷ್ಟು ಅವಮಾನವೇ ಎಂಬ ಮಾತು ಬರುತ್ತಿತ್ತು. ಪ್ರೊಜೆಕ್ಟರಿನಲ್ಲಿ ಸಿಕ್ಕಿ ಹರಿದುಹೋಯಿತು ಎಂದೆ. ವಕೀಲರು ತಲೆಯಾಡಿಸಿದ ರೀತಿಯಲ್ಲಿ ನಂಬಿಕೆ ಕಾಣಲಿಲ್ಲ. ಹಾಗಿದ್ದರೆ ನ್ಯಾಯ ಸಮವಾಗಬೇಕು, ಇಬ್ಬರೂ ಬೀಳಬೇಕು ಇಲ್ಲವೆ ಇಬ್ಬರೂ ಬೀಳಬಾರದು, ಏಕಪಕ್ಷೀಯವಾದದ್ದನ್ನು ನೋಡಿಕೊಂಡು ಹೆಣ್ಣು ಕೊಟ್ಟರೆ ಊರಿನವರು ನಗುತ್ತಾರೆ ಎಂದು ತಿಳಿಸಿದರು. ಬರುವ ಸೋಮವಾರ ಬಾಗೇವಾಡಿಯ ನಮ್ಮ ಮನೆಯಲ್ಲಿ ಎರಡೂ ಕಡೆಯವರು ಕೂಡುವುದೆಂದು ಗೊತ್ತಾಗಿತ್ತು. ಹುಡುಗಿಯನ್ನೂ ಅಲ್ಲಿಗೇ ಕರೆತರುವವರು, ಗಂಡಿನ ಮನೆಯ ಹೆಂಗಸರು ಅವಳನ್ನು ನೋಡಬೇಕಿತ್ತು. ಎರಡೂ ಊರಿಗೆ ಬಾಗೇವಾಡಿ ನಡುವೆ. ಸಿನೆಮಾವನ್ನು ಎಲ್ಲರೂ ಒಟ್ಟಿಗೆ ನೋಡುವುದು, ಮನಸ್ಸಿಗೆ ಬಂದರೆ ಸಕ್ಕರೆ, ಬಾರದಿದ್ದರೆ ಬರೀ ಚಹಾ.

ಬಸ್ಸಿನಲ್ಲಿ ಬರುವಾಗ ನಾಯಕ ಕಿಟಕಿಯ ಸರಳು ಹಿಡಿದು ಕುಳಿತಿದ್ದ. ‘ಏನರೆ ಮಾಡು. ನಾ ಗೆಲ್ಲಾಕಽ ಬೇಕಂತಿಲ್ಲ. ಸಕ್ಕರಿ ಆಗ್ಲಿ’ ಎಂದಷ್ಟೇ ಹೇಳಿದ. ನಿರ್ದೇಶಕನೊಬ್ಬ ಸಂಕಲನಕಾರನಿಗೆ ಕೊಡುವ ಸೂಚನೆಗಳಲ್ಲಿ ಇದಕ್ಕಿಂತ ಸ್ಪಷ್ಟವಾದದ್ದು ಇರಲಾರದು.

ಮನೆಯಲ್ಲಿ ಮೇಜಿನ ಮೇಲೆ ತುಣುಕುಗಳನ್ನು ಹರವಿಕೊಂಡು ಕುಳಿತೆ. ಖಳನಾಯಕ ಬಿದ್ದದ್ದನ್ನು ತೆಗೆದೆ. ಇಬ್ಬರೂ ಬೀಳದ ಹೊಡೆದಾಟ ಉಳಿಯಿತು, ಎಂದರೆ ಎಲ್ಲಿಯೂ ಮುಗಿಯದ ಹೊಡೆದಾಟ. ಮೂರೂರಲ್ಲಿ ಬಿಚ್ಚಿ ಕೂಡಿಸಿ, ಬಿಚ್ಚಿ ಕೂಡಿಸಿ ಪ್ರತಿ ಪೆಟ್ಟಿನ ಎರಡೂ ಅಂಚುಗಳು ಸವೆದಿದ್ದವು. ಕೆಲವು ಕಡೆ ಬೀಸುವ ಕೈಯ ಬರೀ ತೋಳು ಉಳಿದಿತ್ತು. ಅಂಥ ತೋಳಿಗೆ ಯಾವ ಮುಖ ಅಂಟಿಸಿದರೂ ಹೊಡೆದವರಾರು ಹೊಡೆಸಿಕೊಂಡವರಾರು ಎಂದು ತಿಳಿದುಬಿಡುತ್ತಿತ್ತು. ಮುಖವೇ ಬೇಡವೆಂದು ‘ನಷ್ಟ’ದ ಕಾಲಮಿನಲ್ಲಿದ್ದ ಕಾಗೆಗಳನ್ನು ತೆಗೆದು ತೋಳಿನ ಮುಂದೆ ಅಂಟಿಸಿದೆ. ಕೈ ಏಳುತ್ತದೆ, ಕಾಗೆಗಳು ಏಳುತ್ತವೆ. ಇನ್ನೊಂದು ಕೈ ಏಳುತ್ತದೆ, ಎತ್ತು ತಲೆ ಎತ್ತುತ್ತದೆ. ಕೊನೆಯಲ್ಲಿ ಧೂಳು. ಧೂಳಿನ ಮೇಲೆ ಅತ್ತೆಯವರ ಪೆಟ್ಟು ಒಂದು, ಅದರ ಮೇಲೆ ಏನೂ ಇಲ್ಲ. ಓಡಿಸುತ್ತ, ಅತ್ತೆಯವರ ಬದಲು ನಾನೇ ಮೇಜಿಗೆ ಅಂಗೈ ಬಡಿದು ನೋಡಿ, ನನ್ನ ತಲೆಯನ್ನೇ ಹಿಂದಕ್ಕೆಳೆದುಕೊಂಡೆ. ಇಂಥ ಪೆಟ್ಟನ್ನು ಅವರಿಬ್ಬರೂ ಇಂಗಳೇಶ್ವರದಲ್ಲಿ ಒಮ್ಮೆಯೂ ಹೊಡೆದಿರಲಿಲ್ಲ.

ಸೋಮವಾರ ಮಧ್ಯಾಹ್ನ ಪಡಸಾಲೆಯ ಕಿಟಕಿಗಳಿಗೆ ಕಂಬಳಿ ಕಟ್ಟಿದೆವು. ಗಂಡಸರು ನೆಲಕ್ಕೆ ಹಾಸಿದ ಗುಡಾರದ ಮೇಲೆ, ಹೆಂಗಸರು ಒಳಬಾಗಿಲ ಬಳಿ, ಅವರ ನಡುವೆ ಹುಡುಗಿ. ಕರೆಂಟು ಇತ್ತು. ನಾಯಕ ಪ್ರೊಜೆಕ್ಟರಿನ ಪಕ್ಕ ನಿಂತಿದ್ದ, ಖಳನಾಯಕ ಬಾಗಿಲಿಗೆ ಒರಗಿದ್ದ. ಚಿತ್ರ ಈಗ ಎರಡು ನಿಮಿಷಕ್ಕೂ ಕಡಿಮೆ. ಕೊನೆಯ ಧೂಳಿಗೆ ಅತ್ತೆ ಎರಡೂ ಅಂಗೈ ಕೂಡಿಸಿ ಬಾರಿಸಿದರು. ಯಾರೋ ಹೆಂಗಸು ಶಿವಶಿವಾ ಎಂದರು. ಕಂಬಳಿ ಸರಿಸಿದಾಗ ಎರಡೂ ಕಡೆಯ ಮುಖಗಳಲ್ಲಿ ಸಂತೋಷವಿತ್ತು. ನಾನು ಗೆದ್ದೆ ಎಂದುಕೊಂಡೆ.

ಆದರೆ ದೊಡ್ಡವರು ದೊಡ್ಡ ಮನಸ್ಸು ತೋರಿಸಲು ಹೊರಟರು. ಸಿಂದಗಿಯ ತಂದೆ ಬೀಗರ ಕಡೆ ತಿರುಗಿ ಮೆತ್ತಗೆ ಕೇಳಿದರು:

‘ನಿಮ್ಮ ಹುಡುಗಗ ಭಾಳ ಪೆಟ್ಟಾತೇನ್ರಿ ಕಡೀಕ?’

ವಕೀಲರು ಅಷ್ಟೇ ಮೆತ್ತಗೆ ಉತ್ತರಿಸಿದರು. ‘ಇಲ್ರಿ, ಪೆಟ್ಟಾದದ್ದು ನಿಮ್ಮವ್ರಿಗೆ. ನಮ್ಮಂವ ಅಷ್ಟ ಜೋರ ಹೊಡೀಬಾರದಿತ್ತು. ನಾ ಅವಗ ಬುದ್ಧಿ ಹೇಳ್ತೇನಿ.’

ಮರುಕದಲ್ಲಿ ಇಬ್ಬರೂ ಹಿಂದೆ ಸರಿಯಲಿಲ್ಲ. ನಮ್ಮವನಿಗೆ ಏನೂ ಆಗಿಲ್ಲ, ನಿಮ್ಮವನನ್ನು ನೋಡಿಕೊಳ್ಳಿ ಎಂದು ಒಬ್ಬರು; ನಿಮ್ಮವನ ಸಲುವಾಗಿ ನಮಗೆ ನಿಜವಾಗಿ ಕೆಡುಕೆನಿಸಿದೆ ಎಂದು ಇನ್ನೊಬ್ಬರು. ಪೆಟ್ಟಿನ ಸದ್ದು ಇಬ್ಬರೂ ಕೇಳಿದ್ದರು, ಅದು ಎದುರು ಕಡೆಯವನಿಗೆ ಬಿದ್ದದ್ದನ್ನು ಇಬ್ಬರೂ ಕಂಡಿದ್ದರು, ತಮ್ಮ ತಮ್ಮ ಕಣ್ಣಿಂದ. ಕಾಗೆಗಳನ್ನು ಒಬ್ಬರೂ ಕಂಡಂತಿರಲಿಲ್ಲ. ಮಾತು ಬಿಸಿಯಾಯಿತು. ಸಕ್ಕರೆಯ ತಟ್ಟೆ ಹಿಡಿದು ಬಂದಿದ್ದ ನನ್ನ ತಾಯಿ ಅದನ್ನು ಮರಳಿ ಒಳಗೆ ಒಯ್ದರು. ನಾಯಕನ ಕಣ್ಣು ಆ ತಟ್ಟೆಯ ಜೊತೆಗೇ ಒಳಗೆ ಹೋಯಿತು.

ಮತ್ತೊಮ್ಮೆ ತೋರಿಸು, ಈ ಸಲ ಆ ಹಿಟ್ಟಿನ ಸಪ್ಪಳ ಬೇಡ ಎಂದು ಸಿಂದಗಿಯವರು ಆಜ್ಞೆ ಮಾಡಿದರು. ತೋರಿಸಿದೆ. ಪೆಟ್ಟಿಲ್ಲದೆ ಓಡಿದಾಗ ಅಲ್ಲಿ ತೋಳು, ಕಾಗೆ, ಎತ್ತು, ಧೂಳು, ಇಷ್ಟೇ ಇದ್ದವು. ಯಾರು ಯಾರಿಗೂ ಏನೂ ಮಾಡಲಿಲ್ಲ. ಹೋರಾಟವೆಲ್ಲ ಹಲಗೆಯ ಮೇಲಿತ್ತು. ಹಿರಿಯರಿಬ್ಬರೂ ಗೊಂದಲದಿಂದ ಒಬ್ಬರನ್ನೊಬ್ಬರು ನೋಡಿದರು. ಮೋಸ ಹೋದೆವೆಂದು ಇನ್ನೇನು ನನ್ನ ಕಡೆ ತಿರುಗಬೇಕು, ಅಷ್ಟರಲ್ಲಿ ಒಳಬಾಗಿಲಿನಿಂದ ಹುಡುಗಿಯ ದನಿ ಬಂತು. ತಂದೆಗೆ ಹೇಳಿದಂತೆ ಹೇಳಿದಳು, ಎಲ್ಲರಿಗೂ ಕೇಳಿಸುವಷ್ಟು ಹೇಳಿದಳು.

‘ಎರಡೂ ಸಲ ನೋಡೇನಪ್ಪಾ. ಒಬ್ಬರ ಬೆನ್ನಿಗೂ ಮಣ್ಣ ಹತ್ತಿಲ್ಲ. ಬರಾಬರಿ ಕುಸ್ತಿ ಅದು. ಬರಾಬರಿ ಆದ್ರ ಕಾಯಿ ಒಡದು ಇಬ್ರಿಗೂ ಅರ್ಧರ್ಧ ಕೊಡತಾರಲ್ಲ?’

ನಮ್ಮ ಕಡೆಯ ಅಖಾಡಗಳಲ್ಲಿ ಸಣ್ಣ ಕುಸ್ತಿಗಳನ್ನು ತೆಂಗಿನಕಾಯಿಯ ಬಹುಮಾನದ ಮೇಲೆ ಹಚ್ಚುವುದು ವಾಡಿಕೆ. ಯಾರೂ ಚಿತ್ ಆಗದಿದ್ದರೆ ಪಂಚರು ಜೋಡಿಯನ್ನು ಬಿಡಿಸಿ ಕಾಯಿ ಒಡೆದು ಹಂಚುತ್ತಾರೆ. ಸಿಂದಗಿಯ ತಂದೆ ಎಷ್ಟೋ ಸಲ ಹೀಗೆ ಮಾಡಿದ್ದರು. ಸಿನೆಮಾವನ್ನು ಕುಸ್ತಿಯ ಕಾಯಿದೆಯಿಂದ ನೋಡಲು ಶುರು ಮಾಡಿದವರೇ ಅವರು. ಅದೇ ಕಾಯಿದೆ ಹೇಳಿದರೆ ತಳ್ಳಿಹಾಕಲು ದಾರಿಯಿರಲಿಲ್ಲ. ಅವರು ಹುಡುಗಿಯನ್ನು ಮೊದಲ ಸಲ ಸರಿಯಾಗಿ ನೋಡಿದರು.

‘ತಂಗಿ ಹೇಳೂದು ಖರೆ ಐತಿ. ಬರಾಬರಿ’ ಎಂದು ತೀರ್ಪು ಕೊಟ್ಟರು. ವಕೀಲರಿಗೂ ಏಕಪಕ್ಷೀಯವಲ್ಲದ ತೀರ್ಪಿನ ಮೇಲೆ ಅಪೀಲು ಹೋಗಲು ಕಾರಣ ಸಿಗಲಿಲ್ಲ. ಕಾಯಿ ಬಂತು, ಒಡೆದು ಎರಡು ಹೋಳು ಎರಡು ಕಡೆಗೆ ಕೊಟ್ಟರು. ಅದರ ಬೆನ್ನಿಗೇ ಸಕ್ಕರೆಯ ತಟ್ಟೆ ಹೊರಗೆ ಬಂತು.

ಬಾಯಿ ಸಿಹಿ ಮಾಡಿಕೊಂಡ ಮೇಲೆ ವಕೀಲರು ಕೆಮ್ಮಿದರು. ಒಂದು ಷರತ್ತಿದೆ ಎಂದರು.

‘ಈ ಸಿನೆಮಾ ಇನ್ನ ಮುಂದ ಯಾರಿಗೂ ತೋರ್ಸೂದು ಬ್ಯಾಡ. ತೋರಿಸಿದಂಗೆಲ್ಲಾ ಯಾರರೆ ಒಬ್ರು ಗೆಲ್ತಾರ.’

ಸಿಂದಗಿಯವರು ಬೀಗರ ಕೈ ಹಿಡಿದುಕೊಂಡರು. ಅಂದು ಇಬ್ಬರೂ ಪೂರ್ಣ ಮನಸ್ಸಿನಿಂದ ಒಪ್ಪಿದ ಮಾತು ಅದೊಂದೇ. ಅತ್ತೆ ಧೋತರದ ಹಿಂದಿನಿಂದ ಹಿಟ್ಟು ಹತ್ತಿದ ಕೈಯಲ್ಲೇ ಎದ್ದು ಬಂದು, ತಮ್ಮನ್ನು ಯಾರೂ ಕೇಳಲಿಲ್ಲವೆಂದು ನನ್ನನ್ನು ನೋಡಿದರು. ಎಲ್ಲರೂ ನಿರ್ದೇಶಕನ ಕಡೆ ತಿರುಗಿದರು. ಅವನ ಅಂಗೈ ಇನ್ನೂ ಬಿಸಿಯಾಗಿದ್ದ ಪ್ರೊಜೆಕ್ಟರಿನ ಮೇಲಿತ್ತು. ಎರಡು ದಿನದ ಹೊಡೆದಾಟ, ನಾಲ್ಕೂರಿನ ಬಸ್ಸು, ಕಡೆಗೆ ಉಳಿದದ್ದು ಆ ಎರಡು ನಿಮಿಷ. ಮತ್ತು ಆ ಎರಡು ನಿಮಿಷ ನಿಜಕ್ಕೂ ಚೆನ್ನಾಗಿತ್ತು, ಅದು ಅವನಿಗೂ ಗೊತ್ತಿತ್ತು. ಒಮ್ಮೆ ಒಳಬಾಗಿಲ ಕಡೆ ನೋಡಿದ. ಸುರುಳಿಯನ್ನು ಕಳಚಿ ಡಬ್ಬಿಗೆ ಹಾಕಿ, ಮುಚ್ಚಳ ಒತ್ತಿ, ಅದರತ್ತ ನೋಡದೆ ನನ್ನ ಕೈಗೆ ಕೊಟ್ಟ.

‘ಆತ್ರಿ ಮಾವಾರ’ ಎಂದ.

ಆಮೇಲೆ ವಕೀಲರ ಮುಂದೆ ಹೋಗಿ ಉದ್ದಕ್ಕೆ ಅಡ್ಡಬಿದ್ದ. ಹೊಟ್ಟೆಯ ಮೇಲೆ ಬಿದ್ದದ್ದರಿಂದ ಸಿಂದಗಿಯ ತಂದೆ ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.